ಎಫ್ ಒತ್ತಿದರೆ ಒತ್ತು

ಕೂತ್ಕೊ ಶಾಹೀನ. ಕುರ್ಚಿ ಒಂದು ಕಡೆ ವಾಲುತ್ತೆ,
ಅದಕ್ಕೆ ಸಾಫ್ಟ್‌ವೇರ್ ಇಲ್ಲ, ರಟ್ಟು ಮಡಿಸಿ ಕೊಟ್ಟರೆ ಸಾಕು.
ಎದುರಿಗೆ ತಾಲ್ಲೂಕು ಕಚೇರಿ, ಹತ್ತೂವರೆಗೆ ಬಾಗಿಲು.
ಸಾಗರ ಪೇಟೆಯ ಅರ್ಧ ಜಗಳ
ಈ ಕೀಬೋರ್ಡು ದಾಟಿಯೇ ಒಳಗೆ ಹೋಗಬೇಕು.

ಮೊದಲ ಮಾತು: ಎಫ್ ಒತ್ತಿದರೆ ಒತ್ತು.
ಅ, ಕ, ಎಫ್, ಕ. ಅಕ್ಕ.
ಎಫ್ ಮರೆತೆಯೋ, ಅಕಕ,
ಯಾರಿಗೂ ಏನೂ ಆಗದ ಮೂರು ಅಕ್ಷರ.
ಆ ಕೀಲಿಯ ಮೇಲಿನ ಗುರುತು ಸವೆದು ಎಂಟು ವರ್ಷ.
ಬೆರಳಿಗೆ ಗೊತ್ತಾಗುತ್ತೆ, ಬಗ್ಗಿ ನೋಡಬೇಡ.

ಕಂಟ್ರೋಲ್ ಝಡ್ ನಿನಗೆ ಗೊತ್ತು. ಗಿರಾಕಿಗೆ ಹೇಳಬೇಡ.
ಒಮ್ಮೆ ಹೇಳಿಬಿಟ್ಟೆ; ಚನ್ನವೀರಪ್ಪ ತಮ್ಮನ ಪಾಲನ್ನು
ಮೂರು ಸಲ ಹಾಕಿಸಿದ, ಮೂರು ಸಲ ತೆಗೆಸಿದ,
ನನ್ನ ಊಟದ ಡಬ್ಬಿ ಹಾಗೇ ತಣ್ಣಗಾಯ್ತು.
ಕೊನೆಗೆ ಹಾಕಿದ್ದೋ ತೆಗೆದದ್ದೋ ಪ್ರಿಂಟಾದದ್ದು,
ಈಗ ನೆನಪಿಲ್ಲ ನನಗೆ.

ಮೂಲೆಯಲ್ಲಿ, ಗಡಿಯಾರದ ಪಕ್ಕ, ಹಸಿರು ಚುಕ್ಕೆ ಕಾಣ್ತಾ?
ಪುಕ್ಕಟೆ ತಂತ್ರಾಂಶ, ಒಂದು ಫೋಟೊದಷ್ಟೂ ಜಾಗ ತಿನ್ನಲ್ಲ.
'ಮಮ' ಅಂತ ಹೊಡೆದು ಸ್ಪೇಸ್ ಕೊಡು:
ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ಎಂದು ಪೇಟ ಸುತ್ತಿಕೊಂಡೇ ಬರುತ್ತೆ ಸಾಲು.
'ದಪ' ಅಂದರೆ, ದಯಮಾಡಿ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ.
ಇಂಥವು ನಲವತ್ತೊಂದು ಕಟ್ಟಿದ್ದೇನೆ, ಪಟ್ಟಿ ಡ್ರಾಯರಿನಲ್ಲಿದೆ.
'ನಾನು ಕಡುಬಡವಳಿದ್ದು' ಅನ್ನೋದಕ್ಕೆ ಕಟ್ಟಿಲ್ಲ.
ಅದನ್ನು ಅವರು ಹೇಳುವಾಗ ಒಂದೊಂದೇ ಅಕ್ಷರ ಹೊಡಿ.

ಪೆನ್‌ಡ್ರೈವ್ ಹಿಡಿದು, ಎಲ್ಲ ಹೋಯ್ತಕ್ಕ, ಅಂತ ಬರ್ತಾರೆ.
ಹೋಗಿರಲ್ಲ. ವೈರಸ್ಸು ಫೋಲ್ಡರಿಗೆ ಮುಸುಕು ಹಾಕಿ
ಬಾಗಿಲಲ್ಲಿ ಅದರ ಹೆಸರಿನ ಕಳ್ಳನನ್ನು ನಿಲ್ಲಿಸಿರುತ್ತೆ.
ಆ ಶಾರ್ಟ್‌ಕಟ್ ಮುಟ್ಟಬೇಡ.
ಡೆಸ್ಕ್‌ಟಾಪಿನಲ್ಲಿ 'ಮುಸುಕು' ಅಂತಲೇ ಒಂದು ಕಡತ ಇದೆ,
ಮೂರೇ ಸಾಲು, ಎರಡು ಸಲ ಕ್ಲಿಕ್ಕಿಸಿದರೆ
ಅಂಕಪಟ್ಟಿ, ಮದುವೆ ಫೋಟೊ, ಸಾಲದ ಲೆಕ್ಕ ಎಲ್ಲ ಎದ್ದು ಕೂರುತ್ತೆ.
ಇಪ್ಪತ್ತು ರೂಪಾಯಿ ತಗೋ. ಪವಾಡ ಅಂದರೆ ಒಪ್ಪಬೇಡ.

ಬೇರೆ ಕಡೆ ಹೊಡೆದ ಕನ್ನಡ ಇಲ್ಲಿ ತೆರೆದಾಗ
ತಲೆಗೆ ಕಡ್ಡಿ ಸಿಕ್ಕಿಸಿಕೊಂಡ ಎ, ನಡುನಡುವೆ ಪೌಂಡಿನ ಗುರುತು,
ಬ್ರಿಟಿಷರು ವಾಪಸ್ಸು ಬಂದ ಹಾಗೆ.
ಗಾಬರಿ ಬೇಡ, ಅದು ಹಳೆ ಫಾಂಟಿನ ವೇಷ.
ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಿರುಗಿಸು.
ಅರ್ಕಾವತ್ತು ಮಾತ್ರ ಕಣ್ಣಾರೆ ನೋಡು,
ಸರ್ವೆ ನಂಬರು ಸವೆರ್ ನಂಬರಾಗಿ
ಒಂದು ವರ್ಷ ಅಲೆದವರಿದ್ದಾರೆ.

ಆಮೇಲೆ ಕೆಂಪು ಗೆರೆ.
ಕಾಗುಣಿತ ನೋಡುವ ಯಂತ್ರ, ಗೊತ್ತಿಲ್ಲದ್ದಕ್ಕೆಲ್ಲ ಎಳೆಯುತ್ತೆ.
ಮುಳುಗಡೆಯವರ ಅರ್ಜಿ ಬಂದರೆ ಹುಷಾರು.
ನೆಟ್ಟಿಹೊಂಡ, ಕಾನುಬೈಲು, ಕೊಪ್ಪರಿಗೆಮಕ್ಕಿ,
ಸಾಲಿಗೊಂದು ಊರು, ಊರಿನಡಿ ಕೆಂಪು.
ಕಾನುಬೈಲಿನ ಬದಲು 'ಕಾನೂನು' ಇರಲೇ ಅಂತ ಕೇಳಿತ್ತು ಒಮ್ಮೆ.
ದ್ಯಾವಮ್ಮ ಕನ್ನಡಕ ಏರಿಸಿ ನೋಡಿ,
ಇದೇನೇ, ನಮ್ಮೂರು ತಪ್ಪಾ? ಅಂದರು.
ರೈಟ್ ಕ್ಲಿಕ್ ಮಾಡಿ ತೋರಿಸಿದೆ: ನಿಘಂಟಿಗೆ ಸೇರಿಸು.
ಗೆರೆ ಹೋಯ್ತು.
ಹಂಗಾರೆ ತಂಗಿ ಕೊಟ್ಟ ಊರೂ ಸೇರಿಸು ಅಂದರು,
ಆಚೆ ದಡದ್ದು, ಅರ್ಜಿಯಲ್ಲಿ ಇಲ್ಲದ್ದು.
ಸೇರಿಸಿದೆ. ಅದಕ್ಕೆ ಬೇರೆ ಹತ್ತು ರೂಪಾಯಿ
ಎಣಿಸಿ ಇಟ್ಟು ಹೋದರು, ಬೇಡ ಅಂದರೂ.

ಆ ನಿಘಂಟು ಒಂದು ಸಣ್ಣ ಕಡತ, ನಾಲ್ಕು ಕೆಬಿ.
ವಿಂಡೋಸ್ ಹೊಸದಾಗಿ ಹಾಕಿಸುವ ಮೊದಲು ಕಾಪಿ ಇಟ್ಟುಕೋ.
ಒಂದು ಸಲ ನಾನು ಮರೆತೆ.
ಎಲ್ಲ ಊರೂ ಎರಡನೇ ಸಲ ಹೋದವು.
ಹಳೆ ಅರ್ಜಿ ಹುಡುಕಿ ಒಂದೊಂದಾಗಿ ಕೂರಿಸಿದೆ,
ತಂಗಿಯ ಊರಿನ ಹೆಸರು ಮಾತ್ರ
ಎಲ್ಲೂ ಬರೆದಿಟ್ಟಿರಲಿಲ್ಲ.

ಕರೆಂಟು ಹೋಯ್ತು ನೋಡು, ಯುಪಿಎಸ್ ಕೂಗ್ತಿದೆ.
ಐದು ನಿಮಿಷ ಕೊಡುತ್ತೆ, ನಾಲ್ಕು ಅಂದುಕೋ.
ಮೊದಲು ಕಂಟ್ರೋಲ್ ಎಸ್.
ಆಮೇಲೆ ಟೀ.