ಹತ್ತರಲ್ಲಿ ಎಷ್ಟು

ಕಾರವಾರದ ದೊಡ್ಡಾಸ್ಪತ್ರೆ, ಎರಡನೇ ಮಹಡಿ.
ಪರದೆಯ ಈಚೆ ಹೆಂಗಸರು, ಆಚೆ ಗಂಡಸರು,
ನಡುವೆ ರಾತ್ರಿಪಾಳಿಯ ನಾನೊಬ್ಬಳು.
ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಕಾರ್ಡು:
ಸೊನ್ನೆಯಿಂದ ಹತ್ತರ ತನಕ ಒಂದು ಗೆರೆ,
ಗೆರೆಯ ಕೆಳಗೆ ನಗುವಿನಿಂದ ಅಳುವಿನ ತನಕ ಆರು ಮುಖ.

ನಾಲ್ಕು ತಾಸಿಗೊಮ್ಮೆ ಕೇಳಬೇಕು.
ಈಗಷ್ಟೇ ಕಣ್ಣು ಹತ್ತಿದವರನ್ನು ಎಬ್ಬಿಸಬೇಕೋ ಬೇಡವೋ
ಕಾರ್ಡಿನಲ್ಲಿ ಬರೆದಿಲ್ಲ.

ಮೂರನೇ ಹಾಸಿಗೆ ಶೇವಂತಿ ತಾಂಡೇಲ,
ಗರ್ಭಕೋಶ ತೆಗೆದು ಒಂದು ಹಗಲಾಗಿದೆ.
ಹತ್ತರಲ್ಲಿ ಎಷ್ಟಮ್ಮ ನೋವು?
"ಹದಿನಾಲ್ಕು."
ಹತ್ತರ ಮೇಲೆ ಇಲ್ಲಮ್ಮ.
"ಹಾಗಾದ್ರೆ ಹನ್ನೆರಡು. ಅದಕ್ಕಿಂತ ಕೆಳಗೆ ಪೂರೈಸೂದಿಲ್ಲ."
ಮೂವತ್ತು ವರ್ಷ ಮೀನುಪೇಟೆಯಲ್ಲಿ ಕೂತವಳು,
ಮೊದಲ ಮಾತಿಗೇ ಖರೇ ದರ ಯಾರು ಹೇಳ್ತಾರೆ?
ಹೋದ ತಿಂಗಳು ಇವಳ ಹತ್ತಿರವೇ
ನೂರೈವತ್ತರ ಬಂಗಡೆ ಗುಪ್ಪೆಯನ್ನು
ನೂರಕ್ಕೆ ಇಳಿಸಿ ತಂದಿದ್ದೆ.
ಇಲ್ಲಿ ಚೌಕಾಸಿ ಸಲ್ಲ.
ರೋಗಿ ಹೇಳಿದ್ದೇ ನೋವು ಎಂದು ಕಲಿಸಿದ್ದಾರೆ,
ಬರೆದೆ: ಹತ್ತು.
ಇಂಜೆಕ್ಷನ್ ಕೊಟ್ಟು ಅರ್ಧ ತಾಸಿಗೆ ಮತ್ತೆ ಹೋದರೆ
ಕಣ್ಣು ಮುಚ್ಚಿಕೊಂಡೇ ಅಂದಳು,
"ಆರಕ್ಕೆ ಬಿಟ್ಟೆ, ತಗೋ."

ಹನ್ನೊಂದನೆಯದರಲ್ಲಿ ಬೀರಣ್ಣ ಗಾಂವಕರ, ಕಂಡಕ್ಟರು, ಹರ್ನಿಯಾ.
ಸಂಜೆ ಕೇಳಿದರೆ ಎರಡು, ರಾತ್ರಿ ಕೇಳಿದರೆ ಎರಡು,
ಟಿಕೆಟು ಹರಿದು ಕೊಟ್ಟ ಹಾಗೆ.
ಹಣೆಯಲ್ಲಿ ಬೆವರು, ನಾಡಿ ನೂರಾ ಹದಿನಾರು,
ಹಾಸಿಗೆಯ ಬಟ್ಟೆ ಮುಷ್ಟಿಯೊಳಗೆ ಮುದ್ದೆ.
ಒಮ್ಮೆ ಕೆಮ್ಮಿ, ನೋಡುವಾ ಅಂದೆ.
ಕೆಮ್ಮಲಿಲ್ಲ. ಕೆಮ್ಮಿನ ಹತ್ತಿರದ ತನಕ ಹೋಗಿ
ಮೆಲ್ಲಗೆ ಹಿಂದೆ ಬಂದರು,
ಅಣಶಿ ಘಾಟಿನ ತಿರುವಿನಲ್ಲಿ
ಎದುರು ಲಾರಿ ಕಂಡ ಬಸ್ಸು ಬರುವ ಹಾಗೆ.

ಹೇಳಿದ್ದೇ ನೋವಾದರೆ, ಹೇಳದ್ದು?
ಚಾರ್ಟಿನ ಚೌಕದಲ್ಲಿ ಎರಡು ಎಂದೇ ಬರೆದು
ಪಕ್ಕದ ಖಾಲಿ ಜಾಗದಲ್ಲಿ, ಸಣ್ಣಕ್ಷರದಲ್ಲಿ:
ಕೆಮ್ಮಲು ಒಪ್ಪುವುದಿಲ್ಲ.
ಡಾಕ್ಟರಿಗೆ ಫೋನು ಮಾಡಿದೆ.
ರೋಗಿ ಎಷ್ಟು ಅಂದರು? ಎರಡು ಸರ್.
ಮತ್ತೆ?
ಬಟ್ಟೆ ಎಂಟು ಅನ್ನುತ್ತಿದೆ ಸರ್.
ಅತ್ತ ಕಡೆ ಆಕಳಿಕೆ, ಆಮೇಲೆ ಔಷಧದ ಹೆಸರು.

ಕೊನೆಯ ಹಾಸಿಗೆಯ ಹುಡುಗ ಬೈತಖೋಲದ ಬೋಟಿನವನು,
ಹೆಸರು ದುಷ್ಮಂತ, ಒಡಿಶಾದ ಕಡೆಯವನು, ಅಪೆಂಡಿಕ್ಸು.
ಅವನಿಗೆ ಕನ್ನಡವಿಲ್ಲ, ಕೊಂಕಣಿಯಿಲ್ಲ,
ನನ್ನ ಹಿಂದಿ ನನಗೇ ತಿಳಿಯುವುದಿಲ್ಲ.
ಕಾರ್ಡು ಹಿಡಿದೆ. ನಗುವ ಮುಖದ ಮೇಲೆ ಬೆರಳಿಟ್ಟ.
ಯಾವುದು ಚಂದ ಎಂದು ಕೇಳಿದೆನೆಂದುಕೊಂಡಿರಬೇಕು.
ಅಲ್ಲಪ್ಪಾ ಎನ್ನುತ್ತ, ನಡುರಾತ್ರಿ, ನಲವತ್ತಾರರ ನಾನು
ಟಾರ್ಚನ್ನು ಗದ್ದದಡಿ ಹಿಡಿದು
ಆರೂ ಮುಖ ಮಾಡಿ ತೋರಿಸಿದೆ:
ಹುಬ್ಬು ಗಂಟು, ತುಟಿ ಸೊಟ್ಟ,
ಕೊನೆಗೆ ಬಾಯಿ ತೆರೆದು, ಸದ್ದಿಲ್ಲದೆ, ಭೋರೆಂದು.
ಪರದೆಯ ಮೇಲೆ ನೆರಳು ಕಂಡ ಶೇವಂತಿ
"ಅಯ್ಯೋ ನಗಿಸಬೇಡ, ಹೊಲಿಗೆ ಹೊಲಿಗೆ!"
ಹುಡುಗನಿಗೂ ಬಂತು ನಗೆ.
ಬಂದದ್ದೇ ಎರಡೂ ಕೈ ಹೊಟ್ಟೆಗೆ ಹೋದವು,
ಮೊಣಕಾಲು ಮೇಲೆ ಬಂತು,
ನಗುನಗುತ್ತಲೇ ಕಣ್ಣ ತುದಿಯಲ್ಲಿ ನೀರು.

ಮಲಗಿದ್ದಾಗ ಮೂರು. ನಕ್ಕಾಗ ಎಂಟು.
ನಗೆಗೆ ಚಾರ್ಟಿನಲ್ಲಿ ಚೌಕವಿಲ್ಲ,
"ಅಲುಗಿದಾಗ" ಎಂದಿದ್ದಲ್ಲಿ ಬರೆದೆ.
ದಿಂಬನ್ನು ಹೊಟ್ಟೆಗೆ ಅವುಚಿ ಹಿಡಿಯುವುದ ಕಲಿಸಿದೆ:
ಹೀಗೆ ಹಿಡಿದು ಕೆಮ್ಮು, ಹೀಗೆ ಹಿಡಿದು ಏಳು,
ಹೀಗೆ ಹಿಡಿದರೆ ಸ್ವಲ್ಪ ನಗಲೂಬಹುದು.

ನಾಲ್ಕು ಗಂಟೆಗೆ ಬಂದರಿನಿಂದ ಬೋಟುಗಳ ಸದ್ದು.
ಹುಡುಗ ನಿದ್ದೆಯಲ್ಲೇ ಕಿಟಕಿಯ ಕಡೆ ಹೊರಳಲು ಹೋಗಿ
ಅರ್ಧಕ್ಕೇ ನಿಂತ. ಅದನ್ನೂ ಬರೆದೆ.

ಗಾಂವಕರರನ್ನು ಎಬ್ಬಿಸಲಿಲ್ಲ.
ಉಸಿರು ಎಣಿಸಿದೆ, ಹದಿನಾಲ್ಕು.
ಮುಷ್ಟಿ ಬಿಚ್ಚಿ ಅಂಗೈ ಮೇಲೆ ಬಿದ್ದಿತ್ತು.
ಬಟ್ಟೆಯ ಸುಕ್ಕು ಮಾತ್ರ ಹಾಗೇ ಇತ್ತು.
ಕೈಯಾಡಿಸಿ ಸರಿಮಾಡಲು ಹೋದವಳು
ಬಿಟ್ಟೆ. ಏಳಕ್ಕೆ ಬರುವವಳು ನೋಡಲಿ.