ಅರ್ಧ ಮಾತ್ರೆ

ಬೆಂದೂರಿನ ಹಾಲಿಗೆ ಮೈಕ್ ಸೆಟ್ ಹಾಕಲು ಹಿಡಿದು
ಇಪ್ಪತ್ತಮೂರು ವರ್ಷ ಆಯಿತು.
ಮೊದಲ ಸಲ ಕೇಳಿದಾಗ ಅಂದಿದ್ದೆ:
ಎಂಥ ಗಲಾಟೆ ಮಾರಾಯ್ರೇ,
ಗಿಟಾರು ತಾಳದ ಸಂದಿಯಲ್ಲೇ ಬಡಿಯುವುದು,
ಬಸ್ಸು ಹೊರಟ ಮೇಲೆ ಓಡಿ ಹತ್ತುವವನ ಹಾಗೆ.

ಬೂತಾಯಿ ಬ್ರಾಸ್ ಅಂತ ಹೆಸರು.
ಡ್ರಮ್ಮಿಗೆ ಬೋಳಾರದ ಹಂಝ.
ಹಾಡಲು, ಅಂದರೆ ಕಿರುಚಲು, ಲವೀಟಾ;
ಹಗಲು ಸೊಸೈಟಿ ಬ್ಯಾಂಕಿನಲ್ಲಿ ಅಡವಿನ ಚಿನ್ನ ತೂಗುವವಳು.
ಟ್ರೊಂಬೋನಿಗೆ ಗ್ರೇಶನ್.
ಅದು ಬೆಳಿಗ್ಗೆ ಜೆಪ್ಪುವಿನಲ್ಲಿ ಹೆಣದ ಮುಂದೆ ನಡೆದು
ಮಧ್ಯಾಹ್ನ ಕುಲಶೇಖರದಲ್ಲಿ ಮದುಮಗಳನ್ನು ಕಾರಿಂದಿಳಿಸಿ
ರಾತ್ರಿ ಇಲ್ಲಿಗೆ ಬರುತ್ತಿತ್ತು,
ಅದೇ ನೆಗ್ಗು, ಅದೇ ಎಂಜಲು.

ಮೂರನೆಯ ಹಾಡು, ಸಂಬಳ ಬಾರದ ಶನಿವಾರದ್ದು.
ಲವೀಟಾ ಉಸಿರು ತೆಗೆಯುವ ಜಾಗದಲ್ಲಿ
ಗ್ರೇಶನ್ ನುಗ್ಗಿಬಿಡುತ್ತಿದ್ದ,
ಅರ್ಧ ಮಾತ್ರೆ ಮುಂಚೆ.
ಪ್ರತಿ ಸಲ.
ಹೆಣದ ಮುಂದೆ ನಿಧಾನಿಸಿ ನಿಧಾನಿಸಿ
ಉಳಿದ ಅವಸರ ಎಲ್ಲಿಗೆ ಹೋಗಬೇಕು ಹೇಳು, ಅನ್ನುತ್ತಿದ್ದ.
ಅವಳು ಬೈಯುತ್ತಿದ್ದಳು, ಕೊಂಕಣಿಯಲ್ಲಿ, ಮೈಕಿನಲ್ಲೇ.
ನಾನು ವಾಲ್ಯೂಮ್ ಇಳಿಸುತ್ತಿರಲಿಲ್ಲ.

ಜನ ಬರುವುದು ನಿಲ್ಲಲಿಲ್ಲ.
ಅಂದು ಜಿಗಿದ ಮಂಡಿಗಳಿಗೆ ಈಗ ಬೆಲ್ಟು ಉಂಟು.
ಅಂಗಿ ಹರಿದುಕೊಳ್ಳುತ್ತಿದ್ದ ನವೀನ್‌ಚಂದ್ರ ಈಗ ಹೆಡ್ಮಾಷ್ಟ್ರು,
ವಾಚು ಬಿಚ್ಚಿ ನನ್ನ ಆಂಪ್ಲಿಫೈಯರಿನ ಮೇಲಿಟ್ಟು ಒಳಗೆ ಹೋಗುತ್ತಾರೆ.
ಬಂದರಿನ ಐಸ್ ಫ್ಯಾಕ್ಟರಿಯ ಹುಡುಗರು,
ಹಾಡು ಬಂದಾಗ ಹುಟ್ಟಿಯೇ ಇರದವರು,
ಮಾತು ಪೂರಾ ಬಾರದೆ ಬಾಯಿ ಆಡಿಸುತ್ತಾರೆ.

ಮೊಂತಿ ಹಬ್ಬದ ಹೊತ್ತಿಗೆ ಗ್ರೇಶನಿಗೆ ಶ್ವಾಸ ಸಾಲದಾಯಿತು.
ಡಾಕ್ಟರು ಬರೆದರು: ಅರ್ಧ ಮಾತ್ರೆ, ಊಟಕ್ಕೆ ಮುಂಚೆ.
ಚೀಟಿ ತೋರಿಸಿ ನಕ್ಕ: ನೋಡು, ಅವರಿಗೂ ಗೊತ್ತುಂಟು.

ಅವನ ಜಾಗಕ್ಕೆ ಜೆನಿಶಾ ಬಂದಳು,
ಪರೀಕ್ಷೆ ಪಾಸಾದವಳು, ಕಾಗದ ನೋಡಿ ಊದುವವಳು.
ಮೂರನೆಯ ಹಾಡು.
ಲವೀಟಾ ಉಸಿರು ತೆಗೆದಳು.
ಇನ್ನೂರು ಬಾಯಿ ಒಟ್ಟಿಗೆ ಪಾಂ ಅಂದವು.
ಹುಡುಗಿ ಸರಿಯಾಗಿ ಬಂದಳು.
ಸರಿಯಾಗಿ ಬಂದು, ಇಡೀ ಹಾಲಿನಲ್ಲಿ
ಅವಳೊಬ್ಬಳೇ ತಪ್ಪಿದಳು.

ಹಿಂದಿನ ಪ್ಲಾಸ್ಟಿಕ್ ಕುರ್ಚಿಯಿಂದ ಗ್ರೇಶನ್ ಎದ್ದ.
ಖಾಲಿ ಕೈಯನ್ನು ಗಾಳಿಯಲ್ಲಿ ಉದ್ದ ಎಳೆದ:
ಅಲ್ಲಿ ಅಲ್ಲ ಮಗಾ,
ಇನ್ನೂ ಈಚೆ, ಅವಳ ಉಸಿರಿನ ಒಳಗೆ.

ಕಾಗದ ಮಡಚಿ ಹಿಂಬದಿ ಕಿಸೆಗೆ ಹಾಕಿದಳು ಜೆನಿಶಾ.
ಎರಡನೆಯ ಪಲ್ಲವಿಗೆ ಏನಾಯಿತೆಂದು ಬಂದವರನ್ನೇ ಕೇಳಿ.

ನನ್ನ ಮಿಕ್ಸರಿನಲ್ಲಿ ಆ ಜಾಗಕ್ಕೆ
ಮಗಳ ಉಗುರುಬಣ್ಣದ ಒಂದು ಗುರುತುಂಟು.
ಯಾರಿಗೂ ಹೇಳಿಲ್ಲ:
ಮೊದಲ ಸಲವೂ ನನ್ನ ಬೆರಳು ತಾನಾಗಿ ಹೋಗಿತ್ತು,
ಹುಡುಗಿ ಊದುವ ಮುಂಚೆಯೇ
ಏನೂ ಬಾರದ ಮೈಕನ್ನು
ಪೂರಾ ಏರಿಸಿಟ್ಟಿದ್ದೆ.