ಶುಕ್ರವಾರ, ನಾಲ್ಕರಿಂದ ಎಂಟು

ತೂಕದ ಚೀಟಿಯ ಹಿಂದ ಬರಿಯಾಕ್ಹತ್ತೀನಿ, ಬ್ಯಾರೆ ಹಾಳಿ ಇಲ್ಲ.

ಬುಧವಾರ ಸಂಜಿಗೆ ಬ್ಯಾಡಗಿ ಬಿಡೂದು.
ಹುಬ್ಬಳ್ಳಿ, ಮುಂಬೈ, ಆಮ್ಯಾಲೆ ನಡುವೊಂದು ಊರು,
ಅದರ ಹೆಸರ ಇರ್ಶಾದ ಮೂರು ಸಲ ಹೇಳಿದ,
ಮೂರೂ ಸಲ ಬ್ಯಾರೆ ಬ್ಯಾರೆ ಹೇಳಿದ.
ಗುರುವಾರ ರಾತ್ರಿ ಜಿನೋವಾ.
ಶುಕ್ರವಾರ ಮುಂಜಾನೆ ಒಂಬತ್ತಕ್ಕ ಬಂದರದ ಗೋದಾಮು.
ಶನಿವಾರ ನಸುಕಿಗೆ ಹೊಳ್ಳೂದು.
ಸೋಮವಾರ ಪೇಟಿ ಐತಿ, ಸೋಮವಾರ ನಾ ಇಲ್ಲಿರಬೇಕು.

ನಾಲ್ಕನೂರು ಚೀಲ ಕಡ್ಡಿಗಾಯಿ
ಹಡಗ ಹತ್ತಿ ತಿಂಗಳ ಮ್ಯಾಲಾತು.
ಬಣ್ಣ ಇಳದೈತಿ ಅಂತಾರ ಅವರು.
ಇಲ್ಲಿಂದ ಹೋಗೂ ಮುಂದ ಅಳದಾಕಿ ನಾನ:
ಪುಡಿ ಮಾಡಿ, ಗಾಜಿನ ನಳಿಗ್ಯಾಗ ಕರಗಿಸಿ, ಬೆಳಕ ಹಾಯಿಸಿ,
ಅಂಕಿ ಬರದು ಬುಡಕ್ಕ ಸಹಿ ಮಾಡಿದಾಕಿ.
ಕಾಗದದ ಮ್ಯಾಲೆ ಜಗಳ ತೀರಲಿಲ್ಲ.
'ನೀನ ಒಂದ್ಸಲ ನೋಡಿ ಬಾರವಾ' ಅಂದ್ರು ಗಿರಿಮಲ್ಲಪ್ಪ ಸಾವಕಾರ್ರು,
ಮೋಟೆಬೆನ್ನೂರಿಗೆ ಹೋಗಿ ಬಾ ಅಂದಂಗ.

ತೊಟ್ಟು ಬಿಡಸೂ ಶೆಡ್ಡಿಗೆ
ಬುತ್ತಿ ಬಿಚ್ಚೂದರೊಳಗ ಸುದ್ದಿ ಮುಟ್ಟಿತ್ತು.
ಅಲ್ಲಿ ಮಂದಿ ಇಷ್ಟು ಖಾರ ತಿಂತಾರೇನ, ಹುಸೇನಬಿ ಕೇಳಿದ್ಲು.
ಖಾರ ಯಾರಿಗೆ ಬೇಕು, ಬಣ್ಣ ಅಷ್ಟ ಹಿಂಡ್ಕೋತಾರ,
ತುಟಿಗೆ ಹಚ್ಚೂದಕ್ಕೂ ಹೋಗತೈತಂತ.
ಚಂಬವ್ವ ತನ್ನ ಬೆರಳ ನೋಡ್ಕೊಂಡ್ಳು.
ಉಗುರಿನ ಸಂದ್ಯಾಗ ಮೂವತ್ತು ವರ್ಷದ ಕೆಂಪು.
'ಅಯ್ಯ, ಹಂಗಾರ ನಾ ಯಾವಾಗೋ ಹಚ್ಕೊಂಡೀನಿ ಬಿಡು.'

ಕಟಕ ರೊಟ್ಟಿ ಹತ್ತು. ಶೇಂಗಾ ಚಟ್ನಿ, ಬಿಟ್ರ ಬಿಟ್ಟಾರು.
ಸ್ವೆಟರು, ವೈನಿದು.
ನಾ ಎತ್ತಿಟ್ಟಿದ್ದ ಅದೇ ರಾಶಿಯ ಒಂದು ಹಿಡಿ ಕಾಯಿ,
ಅರಗಿನ ಮುದ್ರಿ ಹಾಕಿದ್ದು, ಸಾಕ್ಷಿಗೆ.
ಅದರ ಪರವಾನಗಿ ಬಂದು ಎರಡು ದಿನಾತು,
ನನ್ನದು ಇನ್ನೂ ಬಂದಿಲ್ಲ.

ಒಂದು ಮಾತ್ರ ಖಾತ್ರಿ ಐತಿ ನನಗ.
ಕಂಟೇನರಿನ ಬಾಗಲ ತೆಗದ ಕೂಡಲೆ
ಕೋಟು ಹಾಕಿದವರು, ಟೋಪಿ ಹಾಕಿದವರು, ಬರ್ಕೊಳ್ಳೂ ಹುಡುಗ,
ಒಬ್ಬರ ಹಿಂದ ಒಬ್ಬರು ಸೀನತಾರ.
ನಾ ಒಬ್ಬಾಕಿ ಸುಮ್ಮ ನಿಂತಿರತೀನಿ.

ಆದ್ರ ಬಣ್ಣ ಖರೇನ ಇಳದಿದ್ರ?
ಹಡಗಿನ ಹೊಟ್ಟ್ಯಾಗ ಏನು ಸೆಕಿ ಇತ್ತೋ.
ಅದೂ ಅಲ್ಲ.
ಆ ದಿನ ಲಾಸ್ಟ್ ಬಸ್ಸಿಗೆ ಓಡೂದಿತ್ತು,
ಎರಡು ಸಲ ಅಳಿಯೂದನ್ನ ಒಂದ ಸಲ ಅಳದಿದ್ದೆ.
ಇದನ್ನ ಈ ಚೀಟಿಗೂ ಹೇಳಬಾರದಿತ್ತು.

ನಾಲ್ಕಕ್ಕ ಗೋದಾಮು ಮುಚ್ಚತೈತಿ.
ಎಂಟಕ್ಕ ಅವರ ಕೂಡ ಊಟ.
ನಡುವ ನಾಲ್ಕು ತಾಸು.
ಇರ್ಶಾದ ಫೋನಿನ್ಯಾಗ ಊರ ತೋರಿಸಿದ:
ಗುಡ್ಡ ಹತ್ತಾಕ ಲಿಫ್ಟು, ಅದರಾಗ ಸಂತಿ ಚೀಲ ಹಿಡದ ಮುದುಕೇರು,
ಇಬ್ಬರು ಎದುರಾದ್ರ ಒಬ್ಬರು ಗ್ವಾಡಿ ಆಗಬೇಕು, ಅಷ್ಟು ಸಣ್ಣ ಓಣಿ,
ರೊಕ್ಕ ಕೊಟ್ಟು ನೋಡೂ ಮೀನ.
ಮೀನಕ್ಕ ರೊಕ್ಕ ಯಾಕ, ಹಾನಗಲ್ಲ ಕೆರಿ ಐತಿ.
ದೀಪದ ಗೋಪುರ ದೂರಾತು.

'ನಾಲ್ಕರಿಂದ ಎಂಟು' ಅಂತ ಬರದು ಗೆರಿ ಎಳದೆ,
ಗೆರಿ ಮುಂದ ಏನೂ ಬರಿಲಿಲ್ಲ.
ಹುಟ್ಟಿದಾಗಿಂದ ಇಷ್ಟು ಹೊತ್ತು
ಯಾರೂ ನನ್ನ ಕೈಯಾಗ ಖಾಲಿ ಕೊಟ್ಟಿಲ್ಲ.

ಚೀಟಿ ತಿರವಿದ್ರ ಯಾರದೋ ಚೀಲ:
ನಲವತ್ತೊಂದು ಕಿಲೋ, ಆರನೂರು ಗ್ರಾಂ, ಹಮಾಲಿ ಬಾಕಿ.
ಮತ್ತ ಈ ಕಡೆ ತಿರವಿ
ಗೆರಿ ಕೆಳಗ ಸಣ್ಣಕ್ಷರದಾಗ ಒಂದು ಸೇರಿಸಿದೆ:

ಗೋದಾಮಿನಿಂದ ಹೊರಬಿದ್ದ ಕೂಡಲೆ
ಕೈ ಮೂರು ಸಲ ತೊಳಕೊಳ್ಳೂದು, ಸಾಬಾಣ ಹಚ್ಚಿ,
ಮೊಣಕೈತನಕ.
ಸಮುದ್ರ ನೋಡಿ ಕಣ್ಣಿಗೆ ಕೈ ಹೋಗೂದಿದ್ರ,
ಅದಕ್ಕೂ ಮೊದಲ.